ಆಶ್ರಯದ ನೆಲ, ಹಕ್ಕಿನ ನೆಲ: ಕರ್ನಾಟಕದಲ್ಲಿ ಟಿಬೆಟನ್ ನಿರಾಶ್ರಿತರ ಪುನರ್ವಸತಿ ಮತ್ತು ಸ್ಥಳೀಯ ನಿರ್ವಸಿತರ ಪ್ರಶ್ನೆ

'ಮನೆಗೆ ಮಾರಿ, ಊರಿಗೆ ಉಪಕಾರಿ' ಎಂಬ ಗಾದೆ ಕನ್ನಡದಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಮನೆಯವರ ಹಸಿವನ್ನು ಮರೆತು ಹೊರಗಿನವರ ನೆರವಿಗೆ ಹೊರಟವನನ್ನು ಕುರಿತು ಜನ ಆಡುವ ಮಾತಿದು. ಹಸಿದು ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳುಹಿಸಬಾರದೆಂಬ ನಂಬಿಕೆಯೂ ಇದೇ ನಾಡಿನ ಜನಪದರಲ್ಲಿ ಅಷ್ಟೇ ಆಳವಾಗಿ ಬೇರೂರಿದೆ. ಒಂದು ಸಮಾಜ ಈ ಎರಡು ಮೌಲ್ಯಗಳನ್ನು ಏಕಕಾಲಕ್ಕೆ ಹೇಗೆ ನಿಭಾಯಿಸುತ್ತದೆ ಎಂಬುದು ಕೇವಲ ನೀತಿಶಾಸ್ತ್ರದ ಪ್ರಶ್ನೆಯಲ್ಲ. ಗಡಿಯಾಚೆಯಿಂದ ಬಂದವರಿಗೆ ಸರ್ಕಾರವೊಂದು ಭೂಮಿಯನ್ನು ನೀಡಿದಾಗ ಅದು ಆಡಳಿತದ ಪ್ರಶ್ನೆಯೂ ಚರಿತ್ರೆಯ ಪ್ರಶ್ನೆಯೂ ಆಗುತ್ತದೆ.

ಭಾರತದಲ್ಲಿ ನೆಲೆಸಿದ ಟಿಬೆಟನ್ ನಿರಾಶ್ರಿತರಲ್ಲಿ ಅತಿ ದೊಡ್ಡ ಪಾಲಿಗೆ ಆಶ್ರಯ ನೀಡಿದ ರಾಜ್ಯ ಕರ್ನಾಟಕ. ಕೇಂದ್ರ ಗೃಹ ಸಚಿವಾಲಯದ ಲೆಕ್ಕದ ಪ್ರಕಾರ 2008ರ ಫೆಬ್ರವರಿಯಲ್ಲಿ ದೇಶದಲ್ಲಿದ್ದ ಟಿಬೆಟನ್ನರ ಸಂಖ್ಯೆ 1,10,095. ಅವರಲ್ಲಿ ಸುಮಾರು 44 ಸಾವಿರ ಮಂದಿ ಕರ್ನಾಟಕದಲ್ಲಿದ್ದರು. ಇವರ ವಸತಿಗಳು ಸ್ಥಾಪನೆಯಾದ ತಾಲ್ಲೂಕುಗಳಲ್ಲಿಯೇ, ಬಹುಮಟ್ಟಿಗೆ ಅದೇ ದಶಕಗಳಲ್ಲಿ, ಈ ನೆಲದ ಆದಿವಾಸಿಗಳು ಮತ್ತು ಬಡ ರೈತರು ತಮ್ಮ ನೆಲೆಗಳನ್ನು ಕಳೆದುಕೊಂಡರು. ಈ ಎರಡು ಚರಿತ್ರೆಗಳನ್ನು ಸಾಮಾನ್ಯವಾಗಿ ಪ್ರತ್ಯೇಕವಾಗಿಯೇ ಬರೆಯಲಾಗಿದೆ. ಅವುಗಳನ್ನು ಒಟ್ಟಿಗಿಟ್ಟು ನೋಡಿದಾಗ ಮಾತ್ರ ನಿರಾಶ್ರಿತರ ಪುನರ್ವಸತಿ ನೀತಿಗೂ ದೇಶದೊಳಗಿನ ಜನರ ಅಗತ್ಯಗಳಿಗೂ ಇರುವ ನಿಜವಾದ ಸಂಬಂಧ ಸ್ಪಷ್ಟವಾಗುತ್ತದೆ.

ರಾಷ್ಟ್ರೀಯ ನೀತಿಯ ಹಿನ್ನೆಲೆ

ನಿರಾಶ್ರಿತರ ಸ್ಥಾನಮಾನವನ್ನು ಕುರಿತ 1951ರ ಅಂತಾರಾಷ್ಟ್ರೀಯ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಪ್ರತ್ಯೇಕವಾದ ಸಮಗ್ರ ಕಾಯ್ದೆಯೂ ದೇಶದಲ್ಲಿಲ್ಲ. ಕಾನೂನಿನ ದೃಷ್ಟಿಯಲ್ಲಿ ಇವರು ವಿದೇಶಿಯರು. 1946ರ ವಿದೇಶಿಯರ ಕಾಯ್ದೆಯೂ, 2025ರಲ್ಲಿ ಅದರ ಸ್ಥಾನಕ್ಕೆ ಬಂದ ಹೊಸ ಕಾಯ್ದೆಯೂ ಇದೇ ನೆಲೆಯವು. ಹೀಗಾಗಿ ಭಾರತದ ನಿರಾಶ್ರಿತ ನೀತಿಯು ಕಾನೂನಿಗಿಂತ ಹೆಚ್ಚಾಗಿ ಸರ್ಕಾರಿ ಆದೇಶ, ಪತ್ರವ್ಯವಹಾರ ಮತ್ತು ಪೂರ್ವನಿದರ್ಶನಗಳ ಮೂಲಕ ರೂಪುಗೊಂಡಿದೆ.

ಅಂತಹ ಪೂರ್ವನಿದರ್ಶನಗಳಲ್ಲಿ ಮೊದಲನೆಯದು ದೇಶವಿಭಜನೆ. 1947ರಲ್ಲಿ ಪುನರ್ವಸತಿಗಾಗಿ ಕೇಂದ್ರದಲ್ಲಿ ಪ್ರತ್ಯೇಕ ಸಚಿವಾಲಯವೇ ಸ್ಥಾಪನೆಯಾಯಿತು. ಪಂಜಾಬಿನಿಂದ ಬಂದವರಿಗೆ, ವಲಸೆ ಹೋದವರು ಬಿಟ್ಟುಹೋದ ಜಮೀನುಗಳು ಹಂಚಿಕೆಗೆ ದೊರೆತವು. ಪೂರ್ವ ಬಂಗಾಳದಿಂದ ಬಂದವರ ವಿಷಯದಲ್ಲಿ ಅಂತಹ ಅನುಕೂಲವಿರಲಿಲ್ಲ. ಇದರ ಫಲವಾಗಿ 1958ರಲ್ಲಿ ಒರಿಸ್ಸಾದ ಕೊರಾಪುಟ್, ಕಾಲಾಹಂಡಿ ಮತ್ತು ಮಧ್ಯಪ್ರದೇಶದ ಬಸ್ತರ್ ಪ್ರದೇಶಗಳನ್ನು ಒಳಗೊಂಡ ದಂಡಕಾರಣ್ಯ ಯೋಜನೆ ಆರಂಭವಾಯಿತು. ಆ ಪ್ರದೇಶವು 'ಖಾಲಿ' ಆಗಿರಲಿಲ್ಲ. ಅದು ಆದಿವಾಸಿಗಳ ನೆಲೆಯಾಗಿತ್ತು. ಈ ವಾಸ್ತವವನ್ನು ಯೋಜನೆಯೇ ಒಪ್ಪಿಕೊಂಡಿತ್ತು. ಕಾಡು ಕಡಿದು ಹಸನು ಮಾಡಿದ ಭೂಮಿಯಲ್ಲಿ ಶೇಕಡಾ 25ರಷ್ಟನ್ನು ಸ್ಥಳೀಯ ಆದಿವಾಸಿಗಳ ಪುನರ್ವಸತಿಗಾಗಿ ರಾಜ್ಯ ಸರ್ಕಾರಗಳಿಗೆ ಬಿಟ್ಟುಕೊಡಬೇಕೆಂಬ ಕ್ರಮ ಅದರಲ್ಲಿತ್ತು. ಅದರ ಅನುಷ್ಠಾನದ ಗುಣದೋಷಗಳೇನೇ ಇರಲಿ, ನಿರಾಶ್ರಿತರಿಗೆ ನೆಲ ಕೊಡುವಾಗ ಆ ನೆಲದ ಮೂಲನಿವಾಸಿಗಳ ಪಾಲೂ ನಿಗದಿಯಾಗಬೇಕೆಂಬ ತತ್ತ್ವ 1958ರಷ್ಟು ಹಿಂದೆಯೇ ರಾಷ್ಟ್ರೀಯ ನೀತಿಯೊಳಗೆ ಕಾಣಿಸಿಕೊಂಡಿತ್ತು ಎಂಬುದು ಗಮನಾರ್ಹ.

ಕರ್ನಾಟಕಕ್ಕೆ ಬಂದ ನಿರಾಶ್ರಿತರು ಟಿಬೆಟನ್ನರು ಮಾತ್ರವೇ ಅಲ್ಲ. ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನಲ್ಲಿ ಪೂರ್ವ ಬಂಗಾಳದಿಂದ ಬಂದವರ ವಸತಿಗಳಿವೆ. 1964ರ ಅಕ್ಟೋಬರಿನ ಸಿರಿಮಾವೊ–ಶಾಸ್ತ್ರಿ ಒಪ್ಪಂದದ ಪ್ರಕಾರ ಶ್ರೀಲಂಕಾದಿಂದ 5,25,000 ಮಂದಿ ಭಾರತ ಮೂಲದ ತಮಿಳರನ್ನು ಭಾರತ ಸ್ವೀಕರಿಸಬೇಕಾಗಿತ್ತು. ಹಾಗೆ ಬಂದವರಲ್ಲಿ ಕೆಲವರು ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಭಾಗಗಳ ಸರ್ಕಾರಿ ರಬ್ಬರ್ ತೋಟಗಳಲ್ಲಿ ಕಾರ್ಮಿಕರಾಗಿ ನೆಲೆ ಕಂಡರು. ಆದರೆ ಪ್ರತ್ಯೇಕ ವಸತಿ, ಪ್ರತ್ಯೇಕ ಶಾಲೆ ಮತ್ತು ಪ್ರತ್ಯೇಕ ಆಡಳಿತ ವ್ಯವಸ್ಥೆಗಳನ್ನೊಳಗೊಂಡ ಪೂರ್ಣಪ್ರಮಾಣದ ಪುನರ್ವಸತಿ ದೊರೆತದ್ದು ಟಿಬೆಟನ್ನರಿಗೆ.

ಐದು ವಸತಿಗಳು

1959ರ ಮಾರ್ಚ್ ತಿಂಗಳಲ್ಲಿ ದಲೈಲಾಮಾ ಅವರು ಲ್ಹಾಸಾವನ್ನು ತೊರೆದು ಭಾರತವನ್ನು ಪ್ರವೇಶಿಸಿದರು. ಅವರ ಹಿಂದೆ ಬಂದ ಸಾವಿರಾರು ಜನರನ್ನು ಮೊದಲಿಗೆ ಅಸ್ಸಾಮಿನ ಮಿಸಾಮಾರಿ, ಪಶ್ಚಿಮ ಬಂಗಾಳದ ಬುಕ್ಸಾ ಮೊದಲಾದ ಶಿಬಿರಗಳಲ್ಲಿ ಇರಿಸಲಾಯಿತು. ಅನೇಕರು ಹಿಮಾಲಯದ ತಪ್ಪಲಿನ ರಸ್ತೆ ಕಾಮಗಾರಿಗಳಲ್ಲಿ ಕೂಲಿಗಳಾದರು. ಈ ಜನರನ್ನು ಒಟ್ಟಾಗಿ ನೆಲೆಗೊಳಿಸಲು ಭೂಮಿ ಒದಗಿಸುವಂತೆ ಪ್ರಧಾನಿ ಜವಾಹರಲಾಲ್ ನೆಹರೂ ಅವರು ರಾಜ್ಯಗಳ ಮುಖ್ಯಮಂತ್ರಿಗಳನ್ನು ಕೋರಿದಾಗ ಉದಾರವಾಗಿ ಸ್ಪಂದಿಸಿದ್ದು ಮೈಸೂರು ರಾಜ್ಯ.

ಇಲ್ಲಿ ಸ್ಮೃತಿ ಮತ್ತು ದಾಖಲೆಗಳ ನಡುವಿನ ಒಂದು ಸಣ್ಣ ಅಂತರವನ್ನು ಗಮನಿಸಬಹುದು. ಟಿಬೆಟನ್ ಸಮುದಾಯದ ಸ್ಮೃತಿಯಲ್ಲಿ ಈ ಔದಾರ್ಯದೊಂದಿಗೆ ಬೆಸೆದುಕೊಂಡಿರುವ ಹೆಸರು ಎಸ್. ನಿಜಲಿಂಗಪ್ಪನವರದು. ದಲೈಲಾಮಾ ಅವರೂ ಹಲವು ಸಂದರ್ಭಗಳಲ್ಲಿ ಅವರನ್ನು ಕೃತಜ್ಞತೆಯಿಂದ ನೆನೆದಿದ್ದಾರೆ. ಆದರೆ ಮೊದಲ ವಸತಿ ಸ್ಥಾಪನೆಯಾದ 1960ರಲ್ಲಿ ಮುಖ್ಯಮಂತ್ರಿಯಾಗಿದ್ದವರು ಬಿ.ಡಿ. ಜತ್ತಿ. ನಿಜಲಿಂಗಪ್ಪನವರ ಎರಡನೆಯ ಅವಧಿ 1962ರಿಂದ 1968ರವರೆಗಿನದು. ಮುಂಡಗೋಡಿನ ವಸತಿ ಆ ಅವಧಿಗೆ ಸೇರುತ್ತದೆ. ಮೌಖಿಕ ಪರಂಪರೆಯು ದೀರ್ಘವಾದೊಂದು ಆಡಳಿತ ಪ್ರಕ್ರಿಯೆಯನ್ನು ಒಬ್ಬ ದಾನಿಯ ವ್ಯಕ್ತಿತ್ವದಲ್ಲಿ ಕೇಂದ್ರೀಕರಿಸುವ ಬಗೆಗೆ ಇದೊಂದು ಉದಾಹರಣೆ. ನೀತಿಯು ಸ್ಮೃತಿಯಲ್ಲಿ 'ದಾನ'ವಾಗಿ ಉಳಿಯುತ್ತದೆ ಎಂಬ ಈ ಅಂಶ ಮುಂದಿನ ಚರ್ಚೆಗೂ ಪ್ರಸ್ತುತವಾಗಿದೆ.

ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಬಳಿ ಸುಮಾರು 3,000 ಎಕರೆ ಭೂಮಿಯಲ್ಲಿ ಮೊದಲ ವಸತಿ ರೂಪುಗೊಂಡಿತು. 1966ರಲ್ಲಿ ಉತ್ತರ ಕನ್ನಡದ ಮುಂಡಗೋಡಿನಲ್ಲಿ ಸುಮಾರು 4,000 ಎಕರೆಯ ವಸತಿ, 1969ರಲ್ಲಿ ಬೈಲಕುಪ್ಪೆಯಲ್ಲಿಯೇ ಎರಡನೆಯ ವಸತಿ, 1972ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದ ವಸತಿ, 1974ರ ಹೊತ್ತಿಗೆ ಕೊಳ್ಳೇಗಾಲ ತಾಲ್ಲೂಕಿನ ಒಡೆಯರಪಾಳ್ಯದ ವಸತಿ ಆರಂಭವಾದವು. ಒಡೆಯರಪಾಳ್ಯ ಈಗ ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿಗೆ ಸೇರಿದೆ.

ಮೊದಲು ಬಂದವರ ಪಾಡು ಸುಲಭದ್ದಾಗಿರಲಿಲ್ಲ. ಎತ್ತರದ ಶೀತಪ್ರದೇಶದಿಂದ ಬಂದ ಜನರಿಗೆ ಇಲ್ಲಿನ ಸೆಕೆಯಾಗಲಿ ಮಳೆಗಾಲವಾಗಲಿ ಒಗ್ಗಲಿಲ್ಲ. ಕಾಡು ಕಡಿದು, ಬೇರು ಕಿತ್ತು, ನೆಲವನ್ನು ಹದ ಮಾಡಿ ಮುಸುಕಿನ ಜೋಳ ಬೆಳೆದರೆ ಆನೆಗಳು ನುಗ್ಗಿ ಬೆಳೆಯನ್ನು ಹಾಳುಗೆಡವುತ್ತಿದ್ದವು. ಆದಾಗ್ಯೂ ಒಂದೆರಡು ದಶಕಗಳಲ್ಲಿ ಈ ವಸತಿಗಳು ನೆಲೆಗೊಂಡವು. ಸಹಕಾರ ಸಂಘಗಳು, ಆಸ್ಪತ್ರೆಗಳು ಮತ್ತು ಮಠಗಳು ತಲೆಯೆತ್ತಿದವು. ಟಿಬೆಟಿನ ಸೆರಾ ಮಹಾವಿಹಾರ ಬೈಲಕುಪ್ಪೆಯಲ್ಲಿಯೂ, ಡ್ರೆಪುಂಗ್ ಮತ್ತು ಗಾಂದೆನ್ ಮಹಾವಿಹಾರಗಳು ಮುಂಡಗೋಡಿನಲ್ಲಿಯೂ ಪುನರುಜ್ಜೀವನಗೊಂಡವು.

ಅದೇ ತಾಲ್ಲೂಕುಗಳ ಇನ್ನೊಂದು ಚರಿತ್ರೆ

ಗುರುಪುರದ ವಸತಿ ಆರಂಭವಾದ 1972ರಲ್ಲಿಯೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಜಾರಿಗೆ ಬಂದಿತು. ಆನಂತರದ ವರ್ಷಗಳಲ್ಲಿ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ತಾಲ್ಲೂಕುಗಳು ಮತ್ತು ಕೊಡಗಿಗೆ ಹೊಂದಿಕೊಂಡ ನಾಗರಹೊಳೆಯ ಕಾಡುಗಳಿಂದ ಜೇನುಕುರುಬ, ಬೆಟ್ಟಕುರುಬ, ಯರವ ಮೊದಲಾದ ಸಮುದಾಯಗಳ ಹಾಡಿಗಳನ್ನು ಎತ್ತಂಗಡಿ ಮಾಡಲಾಯಿತು. ಕಾಡಿನಿಂದ ಹೊರಬಂದವರಲ್ಲಿ ಅನೇಕರು ಕೊಡಗಿನ ಕಾಫಿ ತೋಟಗಳ ಲೈನ್ ಮನೆಗಳನ್ನು ಸೇರಿದರು. ಕಪಿಲಾ ನದಿಗೆ ಕಟ್ಟಿದ ಕಬಿನಿ ಜಲಾಶಯವು 1974ರಲ್ಲಿ ಪೂರ್ಣಗೊಂಡಾಗ ಹೆಗ್ಗಡದೇವನಕೋಟೆಯ ಹಳ್ಳಿಗಳೂ ಹಾಡಿಗಳೂ ಮುಳುಗಿದವು. ಒಡೆಯರಪಾಳ್ಯದಲ್ಲಿ ಟಿಬೆಟನ್ನರು ಮನೆ ಕಟ್ಟುತ್ತಿದ್ದ 1974ರಲ್ಲಿಯೇ ನೆರೆಯ ಬಿಳಿಗಿರಿರಂಗನ ಬೆಟ್ಟವು ವನ್ಯಜೀವಿಧಾಮವೆಂದು ಘೋಷಿತವಾಗಿ, ಸೋಲಿಗರು ತಮ್ಮ ಹಳೆಯ ಪೋಡುಗಳಿಂದ ಹೊರಬರಬೇಕಾಯಿತು.

ಅದೇ 1974ರಲ್ಲಿ ಹುಣಸೂರು ಕ್ಷೇತ್ರದವರೇ ಆದ ಮುಖ್ಯಮಂತ್ರಿ ಡಿ. ದೇವರಾಜ ಅರಸು ಅವರ ಭೂಸುಧಾರಣೆ ಜಾರಿಗೆ ಬಂದು, ಉಳುವವನಿಗೆ ಒಡೆತನ ದೊರೆಯಿತು. ಕರ್ನಾಟಕದ ಸಾಮಾಜಿಕ ಚರಿತ್ರೆಯಲ್ಲಿ ಅದೊಂದು ಮಹತ್ತ್ವದ ಘಟ್ಟ. ಆದರೆ ಒಡೆತನಕ್ಕಾಗಿ ಅರ್ಜಿ ಸಲ್ಲಿಸಲು ಗೇಣಿಯ ಸಂಬಂಧವಿರಬೇಕಿತ್ತು. ಜೇನು, ಗೆಡ್ಡೆಗೆಣಸು ಮತ್ತು ಅಲ್ಪಸ್ವಲ್ಪ ಬೇಸಾಯವನ್ನು ಅವಲಂಬಿಸಿ ಕಾಡಿನಲ್ಲಿ ಬಾಳಿದ ಹಾಡಿಯ ಜನ ಗೇಣಿದಾರರೂ ಆಗಿರಲಿಲ್ಲ, ಭೂಮಾಲೀಕರೂ ಆಗಿರಲಿಲ್ಲ. ಹೀಗಾಗಿ ಒಂದೇ ಜಿಲ್ಲೆಯಲ್ಲಿ, ಬಹುತೇಕ ಒಂದೇ ಕಾಲದಲ್ಲಿ, ಗೇಣಿದಾರರಿಗೆ ಒಡೆತನವೂ ಹೊರದೇಶದ ನಿರಾಶ್ರಿತರಿಗೆ ಸಾಗುವಳಿ ಭೂಮಿಯೂ ದೊರೆತವು. ಆದಿವಾಸಿಗಳಿಗೆ ಎರಡೂ ದೊರೆಯಲಿಲ್ಲ.

ಆದಿವಾಸಿಗಳ ಎತ್ತಂಗಡಿಗೆ ಟಿಬೆಟನ್ನರು ಕಾರಣರಲ್ಲ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಆ ಎತ್ತಂಗಡಿಗೆ ಕಾರಣವಾದದ್ದು ವನ್ಯಜೀವಿ ನೀತಿ ಮತ್ತು ನೀರಾವರಿ ಯೋಜನೆಗಳು. ಆದರೆ ನಾಗರಹೊಳೆಯ ನಿರ್ವಸಿತರ ಪ್ರಶ್ನೆಯನ್ನು ಪರಿಶೀಲಿಸಲು ಹೈಕೋರ್ಟಿನ ಆದೇಶದಂತೆ ರಚಿತವಾದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ ವರದಿ ನೀಡಿದ್ದು 2014ರಲ್ಲಿ. ಅದು ಗುರುತಿಸಿದ ನಿರ್ವಸಿತ ಕುಟುಂಬಗಳ ಸಂಖ್ಯೆ 3,418. ಎತ್ತಂಗಡಿಯಾಗಿ ನಾಲ್ಕು ದಶಕಗಳು ಕಳೆದ ಮೇಲೆ ಅವರನ್ನು ಎಣಿಸುವ ಕೆಲಸ ನಡೆಯಿತು. ಟಿಬೆಟನ್ನರ ವಿಷಯದಲ್ಲಿಯಾದರೋ ಅವರನ್ನು ರೈಲು ಹತ್ತಿಸುವ ಮುನ್ನವೇ ಎಣಿಸಲಾಗಿತ್ತು.

ಪದಗಳು ಮತ್ತು ನೆಲದ ಎಣಿಕೆ

ನೆಲೆ ತಪ್ಪಿದವರನ್ನು ಕನ್ನಡದ ಆಡಳಿತ ಭಾಷೆ ಒಂದೇ ಹೆಸರಿನಿಂದ ಕರೆಯುವುದಿಲ್ಲ. ಗಡಿ ದಾಟಿ ಬಂದವರು 'ನಿರಾಶ್ರಿತರು'. ಬೀದಿಯಲ್ಲಿ ಬೇಡುವವರನ್ನು ಇರಿಸುವ ಸರ್ಕಾರಿ ಕೇಂದ್ರಕ್ಕೂ ಇದೇ ಪದ ಬಳಕೆಯಲ್ಲಿದೆ. ಅಣೆಕಟ್ಟಿನಿಂದ ನೆಲ ಕಳೆದುಕೊಂಡವರು 'ಮುಳುಗಡೆ ಸಂತ್ರಸ್ತರು'. ಕಾಡಿನೊಳಗೆ ತಲೆಮಾರುಗಳಿಂದ ಬಾಳಿದವರು ಕಡತಗಳಲ್ಲಿ ಹಲವೊಮ್ಮೆ 'ಒತ್ತುವರಿದಾರರು'. ನಿರಾಶ್ರಿತ ಎಂಬ ಪದ ಕರುಣೆಯನ್ನು, ಸಂತ್ರಸ್ತ ಎಂಬ ಪದ ಪರಿಹಾರವನ್ನು ನಿರೀಕ್ಷಿಸುತ್ತದೆ. ಒತ್ತುವರಿದಾರ ಎಂಬ ಪದ ತೆರವನ್ನು ಸೂಚಿಸುತ್ತದೆ. ಯಾರಿಗೆ ಯಾವ ಪದ ಸಲ್ಲುತ್ತದೆ ಎಂಬುದರ ಮೇಲೆಯೇ ಅವರಿಗೆ ಸಲ್ಲುವ ನೀತಿಯೂ ಬಹುಮಟ್ಟಿಗೆ ನಿರ್ಧಾರವಾಗಿದೆ.

ಜನಬಳಕೆಯ ಪದಗಳು ಬೇರೊಂದು ಸಂಗತಿಯನ್ನು ಹೇಳುತ್ತವೆ. ಬೈಲಕುಪ್ಪೆಯ ಸುತ್ತಮುತ್ತ 'ಒಂದನೆಯ ಕ್ಯಾಂಪ್', 'ನಾಲ್ಕನೆಯ ಕ್ಯಾಂಪ್' ಎಂಬ ಹೆಸರುಗಳೂ, ಮುಂಡಗೋಡಿನಲ್ಲಿ 'ಲಾಮಾ ಕ್ಯಾಂಪ್' ಎಂಬ ಹೆಸರೂ ಸ್ಥಳನಾಮಗಳಂತೆ ನೆಲೆಗೊಂಡಿವೆ. ಸಿಂಧನೂರಿನ ಬಂಗಾಳಿ ವಸತಿಗಳೂ ಕ್ಯಾಂಪುಗಳೇ. ತಾತ್ಕಾಲಿಕ ಬಿಡಾರವನ್ನು ಸೂಚಿಸುವ ಪದವೊಂದು ಆರು ದಶಕಗಳ ನಂತರವೂ ಊರಿನ ಹೆಸರಾಗಿ ಉಳಿದಿದೆ. ಇದರಲ್ಲಿ ಟಿಬೆಟನ್ನರ ಸ್ಥಿತಿಯ ದ್ವಂದ್ವವೇ ಅಡಗಿದೆ: ಅವರು ನೆಲೆಸಿದ್ದಾರೆ, ಆದರೆ ಊರಿನವರಾಗಿಲ್ಲ.

ನೆಲದ ಎಣಿಕೆಯಲ್ಲಿಯೂ ಇಂತಹುದೇ ಭಿನ್ನತೆಯಿದೆ. ಟಿಬೆಟನ್ನರಿಗೆ ಭೂಮಿಯನ್ನು ಎಕರೆಗಳ ಲೆಕ್ಕದಲ್ಲಿ ನೀಡಲಾಯಿತು. ಸೋಲಿಗರ ಪರಂಪರೆಯಲ್ಲಿ ನೆಲವೆಂದರೆ ಕುಲಕ್ಕೆ ಸೇರಿದ 'ಎಲ್ಲೆ'. ಪ್ರತಿ ಎಲ್ಲೆಯಲ್ಲಿಯೂ ದೇವರು, ಮಾರಮ್ಮ, ವೀರು, ಅಬ್ಬಿ, ಕಲ್ಲುಗುಡಿ ಎಂಬ ಪವಿತ್ರ ಸ್ಥಾನಗಳಿರುತ್ತವೆ. ಅಬ್ಬಿ ಎಂದರೆ ನೀರಿನ ನೆಲೆ, ಕಲ್ಲುಗುಡಿ ಎಂದರೆ ಹಿರೀಕರ ಸಮಾಧಿಯ ತಾಣ. ಇಂತಹ ನೆಲವನ್ನು ಬಿಟ್ಟು ಬಂದವರಿಗೆ ಬೇರೆಡೆ ಅಷ್ಟೇ ಎಕರೆ ಕೊಟ್ಟರೂ ಅದು ಸರಿಸಮವಾಗದು. ಟಿಬೆಟನ್ನರ ವಿಷಯದಲ್ಲಿ ಸಂಸ್ಕೃತಿಯ ಈ ಆಯಾಮವನ್ನು ನೀತಿ ಗುರುತಿಸಿತ್ತು. ಜನಾಂಗವೊಂದು ಒಟ್ಟಾಗಿದ್ದರೆ ಮಾತ್ರ ಅದರ ಭಾಷೆ, ಧರ್ಮ, ಆಚರಣೆಗಳು ಉಳಿಯುತ್ತವೆ ಎಂಬ ತಿಳಿವಳಿಕೆಯಿಂದಲೇ ದೊಡ್ಡ ವಸತಿಗಳನ್ನು ರೂಪಿಸಲಾಯಿತು. 1961ರಲ್ಲಿ ಟಿಬೆಟನ್ ಶಾಲೆಗಳಿಗಾಗಿ ಕೇಂದ್ರದ ಸ್ವಾಯತ್ತ ಆಡಳಿತ ಸಂಸ್ಥೆಯೇ ಸ್ಥಾಪನೆಯಾಯಿತು. ಇದೇ ತಿಳಿವಳಿಕೆ ಹಾಡಿ ಮತ್ತು ಪೋಡುಗಳ ವಿಷಯದಲ್ಲಿ ಅಂದು ಕಾಣಿಸಲಿಲ್ಲ.

ಪುನರ್ವಸತಿಯ ವಿನ್ಯಾಸ

ಹಾಗಾದರೆ ಎರಡು ಪುನರ್ವಸತಿಗಳ ನಡುವಿನ ವ್ಯತ್ಯಾಸ ಕೇವಲ ಭೂಮಿಯ ಪ್ರಮಾಣದ್ದೆ? ಐದು ವಸತಿಗಳಿಗೆ ಸಂದ ಭೂಮಿಯನ್ನು ರಾಜ್ಯದ ಒಟ್ಟು ವಿಸ್ತಾರದೊಂದಿಗೆ ಹೋಲಿಸಿದರೆ ಅದು ಅತ್ಯಲ್ಪ. ವ್ಯತ್ಯಾಸವಿದ್ದದ್ದು ಮುಖ್ಯವಾಗಿ ವಿನ್ಯಾಸದಲ್ಲಿ. ಟಿಬೆಟನ್ನರಿಗೆ ಭೂಮಿ, ಮನೆ, ಬೇಸಾಯದ ಸಲಕರಣೆ, ಸಹಕಾರ ಸಂಘ, ಶಾಲೆ, ಆಸ್ಪತ್ರೆ ಇವೆಲ್ಲವೂ ಒಂದೇ ಯೋಜನೆಯ ಅಂಗಗಳಾಗಿ ದೊರೆತವು. ವಸತಿಯ ಆಗುಹೋಗುಗಳಿಗೆ ಹೊಣೆಗಾರನಾದ ಒಬ್ಬ ಅಧಿಕಾರಿಯಿದ್ದ; ಸರ್ಕಾರದೊಂದಿಗೆ ಮಾತನಾಡಬಲ್ಲ ಅವರದೇ ಪ್ರಾತಿನಿಧಿಕ ವ್ಯವಸ್ಥೆಯಿತ್ತು. ಕೇಂದ್ರದ ಅನುದಾನದ ಜೊತೆಗೆ ವಿದೇಶಿ ನೆರವೂ ಹರಿದುಬಂದಿತು. ಸ್ಥಳೀಯ ನಿರ್ವಸಿತರಿಗೆ ಇವು ಬಿಡಿಬಿಡಿಯಾಗಿ, ಬೇರೆ ಬೇರೆ ಇಲಾಖೆಗಳಿಂದ, ಬೇರೆ ಬೇರೆ ಕಾಲಗಳಲ್ಲಿ ದೊರೆತವು. ಮನೆ ಬಂದಲ್ಲಿ ನೀರು ಬರಲಿಲ್ಲ, ಜಮೀನು ಬಂದಲ್ಲಿ ಹಕ್ಕುಪತ್ರ ಬರಲಿಲ್ಲ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಮುಳುಗಡೆ ಸಂತ್ರಸ್ತರ ಹಕ್ಕುಪತ್ರದ ಪ್ರಶ್ನೆ ಆರು ದಶಕಗಳ ನಂತರವೂ ಪೂರ್ಣವಾಗಿ ಇತ್ಯರ್ಥವಾಗಿಲ್ಲ.

ಈ ವಿನ್ಯಾಸವನ್ನು ಸ್ಥಳೀಯರಿಗೂ ವಿಸ್ತರಿಸಲು ಸಾಧ್ಯವಿತ್ತೆ ಎಂಬ ಪ್ರಶ್ನೆಗೆ ಕರ್ನಾಟಕದಲ್ಲಿಯೇ ಉತ್ತರವಿದೆ. ಟಿಬೆಟನ್ನರ ಪುನರ್ವಸತಿಗೆ ನೆರವಾಗಲೆಂದು 1968ರಲ್ಲಿ ಸ್ಥಾಪನೆಯಾದ ಸಂಸ್ಥೆ ಮೈರಾಡ. 'ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆ' ಎಂಬರ್ಥದ ಇಂಗ್ಲಿಷ್ ಹೆಸರಿನ ಸಂಕ್ಷಿಪ್ತ ರೂಪವಿದು. ಟಿಬೆಟನ್ ವಸತಿಗಳು ನೆಲೆಗೊಂಡ ಮೇಲೆ, 1980ರ ದಶಕದಲ್ಲಿ ಈ ಸಂಸ್ಥೆಯು ಗ್ರಾಮೀಣ ಬಡವರತ್ತ ತಿರುಗಿತು. ದೊಡ್ಡ ಸಹಕಾರ ಸಂಘಗಳು ಬಡವರಿಗೆ ಒದಗದಿದ್ದಾಗ, ಪರಸ್ಪರ ನಂಬಿಕೆಯುಳ್ಳ ಸಣ್ಣ ಗುಂಪುಗಳು ಉಳಿತಾಯ ಮಾಡಿ ಸಾಲ ಕೊಟ್ಟುಕೊಳ್ಳುವ ಪದ್ಧತಿ ಅದರ ಕಾರ್ಯಕ್ಷೇತ್ರದಲ್ಲಿ ರೂಪುಗೊಂಡಿತು. 1987ರಲ್ಲಿ ನಬಾರ್ಡ್ ಇದಕ್ಕೆ ನೆರವು ನೀಡಿತು. 1992ರಲ್ಲಿ ಸ್ವಸಹಾಯ ಗುಂಪುಗಳನ್ನು ಬ್ಯಾಂಕುಗಳೊಂದಿಗೆ ಜೋಡಿಸುವ ರಾಷ್ಟ್ರಮಟ್ಟದ ಪ್ರಾಯೋಗಿಕ ಯೋಜನೆಯನ್ನು ಆರಂಭಿಸಿತು. ಕರ್ನಾಟಕದ ಸ್ತ್ರೀಶಕ್ತಿ ಯೋಜನೆ 2000–01ರಲ್ಲಿ ಇದೇ ಗುಂಪುಗಳ ಮಾದರಿಯನ್ನು ಅನುಸರಿಸಿ ಜಾರಿಗೆ ಬಂದಿತು. ನಿರಾಶ್ರಿತರಿಗಾಗಿ ಕಟ್ಟಿದ ಸಂಸ್ಥೆಯೊಂದು ಊರಿನ ಬಡವರ ಕೈಗೂ ಒದಗಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಹಕ್ಕಿಲ್ಲದ ಭದ್ರತೆ

ಟಿಬೆಟನ್ನರಿಗೆ ದೊರೆತ ಭದ್ರತೆಯನ್ನೂ ಉತ್ಪ್ರೇಕ್ಷಿಸಬಾರದು. ಅವರು ಸಾಗುವಳಿ ಮಾಡುವ ಭೂಮಿ ಗುತ್ತಿಗೆಯದು, ಒಡೆತನದ್ದಲ್ಲ. ಕೇಂದ್ರ ಸರ್ಕಾರ 2014ರಲ್ಲಿ ಪ್ರಕಟಿಸಿದ ಟಿಬೆಟನ್ ಪುನರ್ವಸತಿ ನೀತಿಯು ವಸತಿಗಳ ಭೂಮಿಗೆ 20 ವರ್ಷಗಳ ಗುತ್ತಿಗೆ ಪತ್ರ ಮಾಡಿಕೊಡಬೇಕೆಂದೂ, ಉದ್ಯೋಗ ಖಾತರಿ, ಪಡಿತರ ಮೊದಲಾದ ಯೋಜನೆಗಳ ಪ್ರಯೋಜನವನ್ನು ಅವರಿಗೂ ವಿಸ್ತರಿಸಬೇಕೆಂದೂ ರಾಜ್ಯಗಳಿಗೆ ಸೂಚಿಸಿತು. 1950ರ ಜನವರಿ 26ರಿಂದ 1987ರ ಜುಲೈ 1ರ ಮುನ್ನ ಭಾರತದಲ್ಲಿ ಹುಟ್ಟಿದ ಟಿಬೆಟನ್ನರು ಜನ್ಮತಃ ಭಾರತೀಯ ಪೌರರೆಂಬುದನ್ನು 2010ರಲ್ಲಿ ದೆಹಲಿ ಹೈಕೋರ್ಟು, 2013ರಲ್ಲಿ ಕರ್ನಾಟಕ ಹೈಕೋರ್ಟು ಎತ್ತಿಹಿಡಿದವು. ಆದರೆ ಪೌರತ್ವ ಪಡೆದರೆ ನಿರಾಶ್ರಿತನ ಗುರುತು ಏನಾಗುತ್ತದೆ, ಮರಳಿ ಹೋಗುವ ಆಸೆ ಏನಾಗುತ್ತದೆ ಎಂಬ ಪ್ರಶ್ನೆ ಆ ಸಮುದಾಯದೊಳಗೆ ಸುಲಭವಾಗಿ ಬಗೆಹರಿಯುವಂತಹುದಲ್ಲ. ಬೇಸಾಯದ ಆದಾಯ ಸಾಲದೆ ಚಳಿಗಾಲದಲ್ಲಿ ದೂರದ ನಗರಗಳಿಗೆ ಹೋಗಿ ಸ್ವೆಟರ್ ಮಾರುವುದು ಅನೇಕ ಕುಟುಂಬಗಳ ಬದುಕಿನ ಕ್ರಮವೇ ಆಯಿತು. ಹೊಸ ತಲೆಮಾರಿನ ಅನೇಕರು ಪಾಶ್ಚಾತ್ಯ ದೇಶಗಳಿಗೆ ವಲಸೆ ಹೋಗಿದ್ದಾರೆ.

ಹೀಗೆ ಮೈಸೂರು ಸೀಮೆಯ ಕಾಡಂಚಿನಲ್ಲಿ ಎರಡು ಬಗೆಯ ಕೊರತೆಗಳು ಅಕ್ಕಪಕ್ಕದಲ್ಲಿ ನಿಂತಿವೆ. ಒಂದು ಕಡೆ ನೆಲವಿದ್ದೂ ಆ ನೆಲದ ಮೇಲೆ ಹಕ್ಕಿಲ್ಲದ ನಿರಾಶ್ರಿತರು, ಇನ್ನೊಂದು ಕಡೆ ಪೌರತ್ವದ ಎಲ್ಲ ಹಕ್ಕುಗಳಿದ್ದೂ ನೆಲವಿಲ್ಲದ ಮೂಲನಿವಾಸಿಗಳು. 2006ರ ಅರಣ್ಯ ಹಕ್ಕು ಕಾಯ್ದೆ ಈ ಎರಡನೆಯ ಕೊರತೆಯನ್ನು ತುಂಬುವ ಪ್ರಯತ್ನ. ಆ ಕಾಯ್ದೆಯಡಿ 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಸಾಮುದಾಯಿಕ ಅರಣ್ಯ ಹಕ್ಕುಗಳು ದೊರೆತವು. ನಾಗರಹೊಳೆಯಲ್ಲಿ ಪ್ರಶ್ನೆ ಇನ್ನೂ ಜೀವಂತವಾಗಿದೆ. 2025ರ ಮೇ ತಿಂಗಳಲ್ಲಿ ಜೇನುಕುರುಬ ಕುಟುಂಬಗಳು ಕರಡಿಕಲ್ಲು ಅತ್ತೂರುಕೊಲ್ಲಿಯ ತಮ್ಮ ಹಿಂದಿನ ನೆಲೆಗೆ ಮರಳಿ ಗುಡಿಸಲು ಕಟ್ಟಲು ಮುಂದಾದದ್ದು ಇದಕ್ಕೆ ಸಾಕ್ಷಿ.

ಸಮಾರೋಪ

ನಿರಾಶ್ರಿತರ ಪುನರ್ವಸತಿಯನ್ನು ದೇಶದೊಳಗಿನ ಬಡವರ ಅಗತ್ಯಗಳಿಗೆ ಎದುರಾಗಿ ನಿಲ್ಲಿಸುವ ವಾದ, ಒಂದು ರೊಟ್ಟಿಯನ್ನು ಇಬ್ಬರು ಹಂಚಿಕೊಳ್ಳಬೇಕಾದ ಚಿತ್ರವನ್ನು ಮುಂದಿಡುತ್ತದೆ. ಕರ್ನಾಟಕದ ಅನುಭವ ಆ ಚಿತ್ರವನ್ನು ಪೂರ್ಣವಾಗಿ ಸಮರ್ಥಿಸುವುದಿಲ್ಲ. ಇಲ್ಲಿ ಟಿಬೆಟನ್ನರಿಗೆ ಕೊಟ್ಟದ್ದರಿಂದ ಜೇನುಕುರುಬರ ಪಾಲು ಕಡಿಮೆಯಾಯಿತು ಎನ್ನುವುದಕ್ಕಿಂತ, ಟಿಬೆಟನ್ನರ ವಿಷಯದಲ್ಲಿ ತೋರಿದ ಮುಂದಾಲೋಚನೆಯನ್ನು ಜೇನುಕುರುಬರ ವಿಷಯದಲ್ಲಿ ತೋರಲಿಲ್ಲ ಎನ್ನುವುದೇ ವಾಸ್ತವಕ್ಕೆ ಹತ್ತಿರ. ಈ ವ್ಯತ್ಯಾಸ ಮುಖ್ಯವಾದುದು. ಮೊದಲನೆಯ ಮಾತನ್ನು ಒಪ್ಪಿದರೆ ನಿರಾಶ್ರಿತರನ್ನು ದೂರುವುದಷ್ಟೇ ಉಳಿಯುತ್ತದೆ. ಎರಡನೆಯದನ್ನು ಒಪ್ಪಿದರೆ ಆಡಳಿತವನ್ನು ಪ್ರಶ್ನಿಸಬೇಕಾಗುತ್ತದೆ.

ಆಶ್ರಯವು 'ದಾನ'ವಾಗಿ ಉಳಿದಷ್ಟು ಕಾಲ ಅದನ್ನು ಪಡೆದವನು ಕೃತಜ್ಞನಾಗಿಯೂ ಪಡೆಯದವನು ಅಸಮಾಧಾನಿಯಾಗಿಯೂ ಇರುತ್ತಾನೆ. ನೆಲೆ ತಪ್ಪಿದ ಯಾರಿಗೇ ಆಗಲಿ ಪುನರ್ವಸತಿ ಒಂದು ಹಕ್ಕು ಎಂದಾದಾಗ ಈ ಎರಡು ಭಾವಗಳಿಗೂ ಅವಕಾಶವಿರುವುದಿಲ್ಲ. ಎಣಿಕೆ ಮೊದಲು, ಎತ್ತಂಗಡಿ ನಂತರ, ಭೂಮಿಯೊಂದಿಗೇ ದಾಖಲೆ, ಕುಟುಂಬದೊಂದಿಗೇ ಸಮುದಾಯ, ಹೊರಗಿನವರಿಗೆ ಕೊಟ್ಟ ನೆಲದಲ್ಲಿ ಅಲ್ಲಿನವರಿಗೂ ಪಾಲು. ಇವು ಹೊಸ ತತ್ತ್ವಗಳಲ್ಲ. ಕೊನೆಯದು ದಂಡಕಾರಣ್ಯದ ಯೋಜನೆಯಲ್ಲಿ, ಉಳಿದವು ಬೈಲಕುಪ್ಪೆಯ ಅನುಭವದಲ್ಲಿ ಹೆಚ್ಚುಕಡಿಮೆಯಾಗಿ ಆಗಲೇ ಇದ್ದವು. ಊರಿಗೆ ಉಪಕಾರಿಯಾದದ್ದು ತಪ್ಪೆಂದು ಗಾದೆ ಹೇಳುವುದಿಲ್ಲ. ಅದರ ಆಕ್ಷೇಪವಿರುವುದು ಮನೆಗೆ ಮಾರಿಯಾದದ್ದರ ಬಗೆಗೆ. ಮೊದಲ ಅರ್ಧವನ್ನು ಸರಿಪಡಿಸಲು ಎರಡನೆಯ ಅರ್ಧವನ್ನು ಅಳಿಸಬೇಕಿಲ್ಲ.